ಬಿಡಿ ಧಾನ್ಯದ ಸಾಗಣೆ ಮತ್ತು ಶೇಖರಣೆ: ಯಂತ್ರೋಪಕರಣ ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕಗಳು

ಗೊರೂರಿನ ಹೇಮಾವತಿ ಜಲಾಶಯವು 1979ರಲ್ಲಿ ಪೂರ್ಣಗೊಂಡ ತರುವಾಯ ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ನಾಲೆ ನೀರಿನ ಭತ್ತದ ಬೇಸಾಯ ವಿಸ್ತರಿಸಿತು. ಖುಷ್ಕಿ ಜಮೀನುಗಳಲ್ಲಿ ಮುಸುಕಿನ ಜೋಳವೂ ಮುಖ್ಯ ಬೆಳೆಯಾಯಿತು. ಈ ಎರಡು ಧಾನ್ಯಗಳನ್ನು ನಂಬಿದ ಅಕ್ಕಿ ಗಿರಣಿ, ಪಶು ಆಹಾರ ಘಟಕ ಮತ್ತು ದಾಸ್ತಾನು ಮಳಿಗೆಗಳು ಚೀಲ ಹೊರುವ ಪದ್ಧತಿಯನ್ನು ಬಿಟ್ಟು ಎಲಿವೇಟರ್, ಕನ್ವೇಯರ್, ಹಾಪರ್ ಮತ್ತು ಸೈಲೋಗಳತ್ತ ತಿರುಗುವುದು ಸಹಜ. ಆದರೆ ಪಕ್ಕದ ಗಿರಣಿಯಲ್ಲಿರುವಂತಹುದೇ ಉಪಕರಣವನ್ನು ತಯಾರಿಸಿಕೊಡಿ ಎಂದು ಬೇಡಿಕೆ ಸಲ್ಲಿಸುವುದು ಅಪಾಯಕಾರಿ. ಪ್ರತಿಯೊಂದು ಸರಕಿಗೂ ತನ್ನದೇ ಆದ ಗುಣವಿದೆ.

1. ತೂಕ ಮತ್ತು ಗಾತ್ರ

ಒಂದು ಘನ ಮೀಟರ್ ಜಾಗದಲ್ಲಿ ಭತ್ತವು ಸುಮಾರು 580 ಕಿಲೋ, ಮುಸುಕಿನ ಜೋಳವು ಸುಮಾರು 720 ಕಿಲೋ ಹಿಡಿಯುತ್ತದೆ. ತೌಡು ಸುಮಾರು 300 ಕಿಲೋ ಮಾತ್ರ. 3 ಮೀಟರ್ ವ್ಯಾಸ, 6 ಮೀಟರ್ ಎತ್ತರದ ಸಿಲಿಂಡರ್ ಆಕಾರದ ಸೈಲೋದ ಗಾತ್ರ ಸುಮಾರು 42.4 ಘನ ಮೀಟರ್. ಅದರಲ್ಲಿ ಭತ್ತ ತುಂಬಿದರೆ 24.6 ಟನ್, ಜೋಳ ತುಂಬಿದರೆ 30.5 ಟನ್ ಆಗುತ್ತದೆ. ಭತ್ತಕ್ಕೆಂದು ನಿಲ್ಲಿಸಿದ ಕಂಬಗಳ ಮೇಲೆ ಜೋಳದ ಹಂಗಾಮಿನಲ್ಲಿ ಸುಮಾರು 6 ಟನ್ ಅಧಿಕ ಭಾರ ಬೀಳುವುದೆಂಬುದನ್ನು ಗಮನಿಸಬೇಕು.

2. ಎಲಿವೇಟರಿನ ಸಾಮರ್ಥ್ಯ

ಬಕೆಟ್ ಎಲಿವೇಟರಿನ ಸಾಮರ್ಥ್ಯವನ್ನು ನಾಲ್ಕು ಅಂಶಗಳು ನಿರ್ಧರಿಸುತ್ತವೆ: ಬಕೆಟ್‌ನ ಗಾತ್ರ, ಅದು ತುಂಬುವ ಪ್ರಮಾಣ, ಮೀಟರಿಗೆ ಇರುವ ಬಕೆಟ್‌ಗಳ ಸಂಖ್ಯೆ ಮತ್ತು ಬೆಲ್ಟಿನ ವೇಗ. 1 ಲೀಟರ್ ಗಾತ್ರದ ಬಕೆಟ್ ಶೇಕಡ 75ರಷ್ಟು ತುಂಬಿ, ಮೀಟರಿಗೆ 5 ಬಕೆಟ್‌ಗಳಿದ್ದು, ಬೆಲ್ಟ್ ಸೆಕೆಂಡಿಗೆ 1.5 ಮೀಟರ್ ಚಲಿಸಿದರೆ ಗಂಟೆಗೆ ಸುಮಾರು 20 ಘನ ಮೀಟರ್ ಸರಕು ಮೇಲೇರುತ್ತದೆ. ಭತ್ತವಾದರೆ ಇದು ಸುಮಾರು 11.7 ಟನ್, ತೌಡಾದರೆ ಸುಮಾರು 6 ಟನ್ ಮಾತ್ರ. ಆದುದರಿಂದ "ಗಂಟೆಗೆ 10 ಟನ್" ಎಂಬ ಮಾತಿಗೆ ಯಾವ ಸರಕಿನ 10 ಟನ್ ಎಂಬ ವಿವರಣೆ ಇಲ್ಲದಿದ್ದರೆ ಅರ್ಥವಿಲ್ಲ.

3. ಹಾಪರಿನ ಇಳಿಜಾರು

ಭತ್ತ ಹಾಗೂ ಜೋಳಕ್ಕೆ ನೆಲಮಟ್ಟದಿಂದ 45 ಡಿಗ್ರಿ ಇಳಿಜಾರು ಸಾಮಾನ್ಯವಾಗಿ ಸಾಕಾಗುತ್ತದೆ. ತೌಡಿಗೆ 60 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಚೌಕಾಕಾರದ ಹಾಪರಿನ ಮುಖಗಳು 45 ಡಿಗ್ರಿ ಇದ್ದರೂ ಅವು ಕೂಡುವ ಮೂಲೆಯ ಇಳಿಜಾರು ಸುಮಾರು 35 ಡಿಗ್ರಿಗೆ ಇಳಿಯುತ್ತದೆ. ಸರಕು ನಿಂತು ಹುಳು ಹಿಡಿಯುವುದು ಈ ಮೂಲೆಗಳಲ್ಲಿಯೇ. ಇಳಿಜಾರು ಸಾಲದಿದ್ದರೆ ನಡುವಿನ ಸರಕು ಮಾತ್ರ ಕೊಳವೆಯಂತೆ ಇಳಿದು, ಮೊದಲು ತುಂಬಿದ ಹಳೆಯ ದಾಸ್ತಾನು ಅಂಚಿನಲ್ಲಿಯೇ ಉಳಿಯುತ್ತದೆ. ಈ ಎರಡು ಬಗೆಯ ಹರಿವಿನ ಶಾಸ್ತ್ರವನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಜೆನಿಕೆ 1964ರಲ್ಲಿ ವಿಶದಪಡಿಸಿದರು. ತೇವವು ಈ ತೊಂದರೆಯನ್ನು ಹೆಚ್ಚಿಸುತ್ತದೆ. ಮಳೆ ಬಿಡುವ ಮುನ್ನವೇ ಕಟಾವಾದ ಜೋಳವನ್ನು ಒಣಗಿಸದೆ ತುಂಬಿದರೆ ಅದು ಗಟ್ಟಿಕಟ್ಟುವುದಲ್ಲದೆ ಬೂಷ್ಟು ಹಿಡಿದು ಪಶು ಆಹಾರಕ್ಕೂ ನಿರುಪಯುಕ್ತವಾಗುತ್ತದೆ.

4. ಸೈಲೋದ ಗೋಡೆ

ನೀರಿನ ತೊಟ್ಟಿಯಲ್ಲಿ ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆ. ಧಾನ್ಯದಲ್ಲಿ ಹಾಗಲ್ಲ. ಧಾನ್ಯವು ಗೋಡೆಗೆ ಉಜ್ಜಿ ನಿಲ್ಲುವುದರಿಂದ ಭಾರದ ದೊಡ್ಡ ಪಾಲನ್ನು ಗೋಡೆಯೇ ಹೊರುತ್ತದೆಯೆಂದು ಜರ್ಮನಿಯ ಎಂಜಿನಿಯರ್ ಜಾನ್ಸೆನ್ 1895ರಲ್ಲಿ ತೋರಿಸಿದರು. ತೆಳು ತಗಡಿನ ಗೋಡೆ ಕೆಳಮುಖವಾದ ಈ ಭಾರಕ್ಕೆ ಮಡಚಿಕೊಳ್ಳಬಹುದು. ಅನುಕೂಲಕ್ಕೆಂದು ಪಕ್ಕದಲ್ಲಿ ಹೊಸ ಬಾಯಿ ಕೊರೆದರೆ ಒಂದೇ ಬದಿಯ ಧಾನ್ಯ ಇಳಿದು ಒತ್ತಡವು ಅಸಮವಾಗುತ್ತದೆ. ಉಕ್ಕಿನ ಸೈಲೋಗಳ ವಿನ್ಯಾಸಕ್ಕೆ ಐ.ಎಸ್. 9178 ಎಂಬ ಭಾರತೀಯ ಮಾನಕವಿದ್ದು, ವೆಲ್ಡಿಂಗ್ ಕಾರ್ಯಾಗಾರಕ್ಕೆ ಕೆಲಸ ವಹಿಸುವ ಮೊದಲು ಅರ್ಹ ಎಂಜಿನಿಯರಿಂದ ನಕ್ಷೆ ಮಾಡಿಸುವುದು ಅವಶ್ಯ.

5. ಕಾರ್ಮಿಕರ ಜೀವರಕ್ಷಣೆ

2023ರ ಡಿಸೆಂಬರ್ 4ರಂದು ವಿಜಯಪುರದ ಒಂದು ಗೋದಾಮಿನಲ್ಲಿ ಮುಸುಕಿನ ಜೋಳದ ರಾಶಿಯಡಿ ಸಿಲುಕಿ 7 ಮಂದಿ ಕಾರ್ಮಿಕರು ಮೃತಪಟ್ಟರು. ಧಾನ್ಯವು ಮೃದುವಾಗಿ ಕಂಡರೂ ಎದೆಮಟ್ಟ ಹೂತವರನ್ನು ಕೈಹಿಡಿದು ಎಳೆಯಲಾಗದು. ಆದ್ದರಿಂದ ಕಟ್ಟಿಕೊಂಡ ಸರಕನ್ನು ಬಿಡಿಸಲು ಯಾರನ್ನೂ ಒಳಗಿಳಿಸದೆ ಹೊರಗಿನಿಂದಲೇ ಕೋಲು ಹಾಕುವ ಕಿಂಡಿಗಳನ್ನಿಡಬೇಕು. ಅನಿವಾರ್ಯವಾಗಿ ಇಳಿಯಬೇಕಾದಲ್ಲಿ ಮೋಟಾರಿನ ಸ್ವಿಚ್ಚಿಗೆ ಬೀಗ ಹಾಕಿ, ಒಳಗಿನ ಗಾಳಿಯನ್ನು ಪರೀಕ್ಷಿಸಿ, ಸೊಂಟಪಟ್ಟಿ ಹಾಗೂ ಹಗ್ಗ ಕಟ್ಟಿ, ಹೊರಗೆ ಒಬ್ಬರನ್ನು ಕಾವಲಿಡಬೇಕು.

ಧೂಳೂ ಅಪಾಯಕಾರಿಯೇ. ಅಮೆರಿಕದ ವೆಸ್ಟ್‌ವೀಗೊದಲ್ಲಿ 1977ರ ಡಿಸೆಂಬರ್ 22ರಂದು ಧಾನ್ಯದ ಧೂಳು ಸ್ಫೋಟಿಸಿ 36 ಮಂದಿ ಸತ್ತರು. ಎಲಿವೇಟರಿನ ಬೆಲ್ಟ್ ಪಕ್ಕಕ್ಕೆ ಸರಿದು ಉಜ್ಜುವುದು ಮತ್ತು ಬೇರಿಂಗ್ ಕಾಯುವುದು ಕಿಡಿಗೆ ಮೂಲಗಳು. ಧೂಳನ್ನು ದಿನನಿತ್ಯ ಗುಡಿಸುವುದು ಹಾಗೂ ಚಾಲನೆಯಲ್ಲಿರುವಾಗ ಹತ್ತಿರದಲ್ಲಿ ವೆಲ್ಡಿಂಗ್ ಮಾಡದಿರುವುದು ಹೆಚ್ಚು ಖರ್ಚಿಲ್ಲದ ರಕ್ಷಣೆ.

ಬೇಡಿಕೆ ಪತ್ರದಲ್ಲಿ ಇರಬೇಕಾದ ಅಂಶಗಳು

ಉಪಕರಣದಲ್ಲಿ ಸಾಗುವ ಎಲ್ಲ ಸರಕುಗಳ ಹೆಸರು, ಅವುಗಳ ಘನ ಮೀಟರ್ ತೂಕ, ಗರಿಷ್ಠ ತೇವಾಂಶ, ಗಂಟೆಗೆ ಬೇಕಾದ ಟನ್ ಪ್ರಮಾಣ, ಹಾಪರಿನ ಮೂಲೆಯ ಇಳಿಜಾರು ಮತ್ತು ಸುರಕ್ಷತಾ ಸಾಧನಗಳು: ಇವಿಷ್ಟನ್ನು ಬರವಣಿಗೆಯಲ್ಲಿ ಕೊಟ್ಟು, ಅತಿ ಭಾರದ ಸರಕಿಗೆ ಕಂಬಗಳನ್ನೂ ಅತಿ ಹಗುರ ಸರಕಿಗೆ ಎಲಿವೇಟರನ್ನೂ ಲೆಕ್ಕ ಹಾಕಿಸಬೇಕು. ದರಪಟ್ಟಿಗಳ ಹೋಲಿಕೆ ಆನಂತರದ ಕೆಲಸ.