ಕೆರೆಯಿಂದ ಕಲಿಯುವ ಇಂಗ್ಲಿಷ್



ಇಂಗ್ಲಿಷ್ ವ್ಯಾಕರಣವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಈ ವಾರ ಮನೆಯಲ್ಲಿ ಹೀಗೆ ಮಾಡಿ ನೋಡಿ.

ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಹತ್ತಿಕೊಂಡಿತು. ನೊರೆ ರಸ್ತೆಗೆ ಹಾರಿತು. ಶುದ್ಧೀಕರಿಸದ ಚರಂಡಿ ನೀರು ವರ್ಷಗಟ್ಟಲೆ ಅಲ್ಲಿಗೆ ಹರಿದದ್ದೇ ಕೆರೆ ಕೆಡಲು ಮುಖ್ಯ ಕಾರಣ. ಮಗುವಿನಿಂದ ಒಂದು ವಾಕ್ಯ ಬರೆಸಿರಿ: ‘ದ ಲೇಕ್ ವಾಸ್ ಪೊಲ್ಯೂಟೆಡ್.’ ಇದು ಕರ್ಮಣಿ ಪ್ರಯೋಗ. ವ್ಯಾಕರಣ ಸರಿಯಾಗಿದೆ, ಆದರೆ ಕೆಡಿಸಿದವರು ಯಾರು? ಕರ್ಮಣಿಯಲ್ಲಿ ಕರ್ತೃವನ್ನು ಹೇಳದೆಯೂ ವಾಕ್ಯ ಮುಗಿಯುತ್ತದೆ. ಈಗ ಕರ್ತರಿಗೆ ತಿರುಗಿಸಲು ಹೇಳಿರಿ. ಕರ್ತೃ ಬೇಕೇ ಬೇಕು. ನಮ್ಮ ಮನೆಗಳ ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆಂದು ಯೋಚಿಸಿದ ಮಗು ‘ವಿ ಪೊಲ್ಯೂಟೆಡ್ ದ ಲೇಕ್’ ಎಂದು ಬರೆದೀತು.

ಅದೇ ಪದದಿಂದ ಶಬ್ದಭಂಡಾರ ಬೆಳೆಸಿರಿ: ‘ಪೊಲ್ಯೂಟ್’ ಕ್ರಿಯಾಪದ, ‘ಪೊಲ್ಯೂಶನ್’ ನಾಮಪದ, ‘ಪೊಲ್ಯೂಟೆಡ್’ ವಿಶೇಷಣ, ‘ಪೊಲ್ಯೂಟರ್’ ಎಂದರೆ ಮಾಲಿನ್ಯ ಮಾಡುವವನು.

ನಂತರ ಇಂಗ್ಲಿಷ್ ಪತ್ರಿಕೆಯಲ್ಲಿ ಪರಿಸರದ ಒಂದು ಸುದ್ದಿಯನ್ನು ಓದಿಸಿರಿ. ಕರ್ಮಣಿ ವಾಕ್ಯಗಳಿಗೆಲ್ಲಾ ಅಡಿಗೆರೆ ಎಳೆದು, ಕರ್ತೃ ಎಲ್ಲಿದ್ದಾನೆಂದು ಹುಡುಕಲಿ. ಮಾಡಿದವರು ನಿಜವಾಗಿಯೂ ತಿಳಿಯದಿದ್ದರೆ ಕರ್ಮಣಿಯೇ ಸರಿ. ತಿಳಿದೂ ಮರೆಮಾಡಿದರೆ ಅದು ವ್ಯಾಕರಣದ ತಪ್ಪಲ್ಲ, ನಮ್ಮ ತಪ್ಪು.

ಹೀಗೆ ಕಲಿತ ಮಗು ಮನೆಯಲ್ಲಿ ಲೋಟ ಒಡೆದಾಗ ‘ಒಡೆದುಹೋಯಿತು’ ಎನ್ನದೆ ‘ನಾನು ಒಡೆದೆ’ ಎನ್ನಬಹುದು. ಹಿರಿಯರಾದ ನಾವೂ ಅದನ್ನೇ ಅಭ್ಯಾಸ ಮಾಡೋಣ.