ಬಳಸಿ ಬಿಟ್ಟ ನೀರಿನ ಹೊಣೆ

ಕರ್ಮಶಾಸ್ತ್ರದ ಗ್ರಂಥಗಳು ಸಾಮಾನ್ಯವಾಗಿ ಆರಂಭವಾಗುವುದೇ ಶುದ್ಧಿಯ ಅಧ್ಯಾಯದಿಂದ. ಯಾವ ನೀರಿನಿಂದ ವುಝೂ ಸಿಂಧು, ಯಾವುದರಿಂದ ಅಸಿಂಧು ಎಂಬುದನ್ನು ನಮ್ಮ ಮಕ್ಕಳು ಮದ್ರಸದಲ್ಲೇ ಕಲಿಯುತ್ತಾರೆ. ಆದರೆ ನಾವು ಬಳಸಿ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ, ಯಾರ ಬಾಗಿಲಿಗೆ ತಲುಪುತ್ತದೆ ಎಂಬ ಪ್ರಶ್ನೆ ಮನೆಗಳಲ್ಲಿ ಏಳುವುದು ಅಪರೂಪ.

ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿವರ್ಯರು(ಸ) ವಿರೋಧಿಸಿದ್ದಾರೆ. ಜನರು ನೀರಿಗಾಗಿ ಬರುವ ಸ್ಥಳ, ನಡೆಯುವ ದಾರಿ ಮತ್ತು ನೆರಳಿನಲ್ಲಿ ಮಲವಿಸರ್ಜನೆ ಮಾಡುವುದು ಶಾಪಕ್ಕೆ ಕಾರಣವಾಗುವ ಕೃತ್ಯವೆಂದು ಎಚ್ಚರಿಸಿದ್ದಾರೆ. ಅಂದು ಒಬ್ಬಿಬ್ಬರು ಮಾಡುತ್ತಿದ್ದುದನ್ನು ಇಂದು ನಗರಗಳು ಕೊಳವೆಯ ಮೂಲಕ ಮಾಡುತ್ತಿವೆ. ಕೊಳವೆ ನೆಲದಡಿಯಲ್ಲಿದೆ ಎಂಬ ಮಾತ್ರಕ್ಕೆ ತಪ್ಪು ತಪ್ಪಲ್ಲವೆಂದಾಗುವುದೇ?

ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನೇ ನೋಡಿರಿ. 2015ರ ಮೇ, 2017ರ ಫೆಬ್ರವರಿ ಮತ್ತು 2018ರ ಜನವರಿಯಲ್ಲಿ ಅಲ್ಲಿ ಬೆಂಕಿ ಹೊತ್ತಿಕೊಂಡಿತು. ನೀರಿಗೆ ಬೆಂಕಿ! ಅದರ ಕೋಡಿಯ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ಮುಂದೆ ತಮಿಳುನಾಡಿನ ಹೊಸೂರು ಬಳಿಯ ಕೆಲವರಪಳ್ಳಿ ಜಲಾಶಯಕ್ಕೆ ಸೇರುತ್ತದೆ. ನಮ್ಮ ಸಾಬೂನಿನ ನೊರೆಯ ಪಾಲು ಅಲ್ಲಿನ ರೈತನಿಗೂ ಸಿಗುತ್ತದೆ.

ಕೊಳಚೆ ಸೇರಿದ ಕೆರೆಯಲ್ಲಿ ಮೀನು ಸತ್ತರೆ ಯಾರೋ ವಿಷ ಹಾಕಿದರೆಂದು ಜನರು ಭಾವಿಸುತ್ತಾರೆ. ಹೆಚ್ಚಾಗಿ ಅವು ಉಸಿರುಕಟ್ಟಿ ಸಾಯುತ್ತವೆ. ಹೊಲಸನ್ನು ತಿಂದು ಜೀರ್ಣಿಸುವ ಬ್ಯಾಕ್ಟೀರಿಯಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಸ್ನಾನಕ್ಕೆ ಯೋಗ್ಯವಾದ ನದಿನೀರಿನ ಪ್ರತಿ ಲೀಟರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕವಿರಬೇಕೆಂಬುದು ನಮ್ಮ ದೇಶದ ಮಾನದಂಡ. ಶುದ್ಧೀಕರಿಸದ ಒಂದು ಲೀಟರ್ ಕೊಳಚೆಯೋ 200 ಮಿಲಿಗ್ರಾಂಗೂ ಹೆಚ್ಚು ಆಮ್ಲಜನಕವನ್ನು ಬೇಡಬಲ್ಲದು. ಈ ಲೆಕ್ಕದಲ್ಲಿ ಮೀನಿಗೆ ಉಳಿಯುವುದೇನು? 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು.

ಶುದ್ಧೀಕರಣ ಘಟಕವು ಮಾಡುವುದು ಪವಾಡವನ್ನಲ್ಲ. ಕಸವನ್ನು ಜಾಲರಿಯಲ್ಲಿ ತಡೆದು, ಗಷ್ಟನ್ನು ತಳಕ್ಕೆ ಇಳಿಸಿ, ನಂತರ ತೊಟ್ಟಿಯಲ್ಲಿ ಗಾಳಿಯೂದಿ ಅದೇ ಬ್ಯಾಕ್ಟೀರಿಯಗಳಿಂದ ಕೆಲಸ ಮಾಡಿಸುತ್ತದೆ. ಕೆರೆಯ ಉಸಿರನ್ನು ಕಸಿಯಬೇಕಾಗಿದ್ದ ಕೆಲಸ ತೊಟ್ಟಿಯೊಳಗೇ ಮುಗಿಯುತ್ತದೆ. ಆದರೆ ಸಾಧಾರಣ ಘಟಕದಲ್ಲಿ ರಂಜಕ ಮತ್ತು ಸಾರಜನಕ ಬಹುಪಾಲು ಉಳಿದುಬಿಡುತ್ತವೆ. ಜಲಕಳೆಗೆ ಅದೇ ಗೊಬ್ಬರ. ಅದನ್ನು ತೆಗೆಯಲು ಮೂರನೆಯ ಹಂತ ಬೇಕು. 2018ರಲ್ಲಿ ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಲು ಆರಂಭಿಸಿದಾಗ ಎದ್ದ ವಿವಾದವೂ ಎರಡೇ ಹಂತ ಸಾಕೇ ಎಂಬುದೇ ಆಗಿತ್ತು.

ಇಂತಹ ನೀರು ಶುದ್ಧವೇ? ಸೌದಿ ಅರೇಬಿಯದ ಹಿರಿಯ ವಿದ್ವಾಂಸರ ಮಂಡಳಿ 1978ರಲ್ಲಿ ಈ ಪ್ರಶ್ನೆಯನ್ನು ತಜ್ಞರೊಂದಿಗೆ ಚರ್ಚಿಸಿ ತೀರ್ಪಿತ್ತಿತು. ಹೊಲಸಿನಿಂದಾದ ಬಣ್ಣ, ರುಚಿ, ವಾಸನೆಯ ಬದಲಾವಣೆ ಪೂರ್ಣವಾಗಿ ನೀಗಿದರೆ ಅದರಿಂದ ವುಝೂ ಕೂಡ ಮಾಡಬಹುದು. ಆರೋಗ್ಯಕ್ಕೆ ಹಾನಿಯಿದ್ದರೆ ಬಳಸಬಾರದು. ಈ ಕೊನೆಯ ಮಾತು ಮುಖ್ಯ. ಏಕೆಂದರೆ ರಂಜಕಕ್ಕಾಗಲಿ ರೋಗಾಣುವಿಗಾಗಲಿ ನಾಲಗೆ ಗುರುತಿಸುವ ರುಚಿಯಿಲ್ಲ. ಇಲ್ಲಿ ಆಲಿಮರಿಗೆ ಪ್ರಯೋಗಶಾಲೆಯ ಸಾಕ್ಷ್ಯವೂ ಅಗತ್ಯ.

ನಮ್ಮ ಪಾಲಿನ ಕೆಲಸವೂ ಇದೆ. ಫ್ಲಾಟುಗಳ ಸಮಿತಿಯಲ್ಲಿರುವ ಸಹೋದರರು ಕರೆಂಟು ಬಿಲ್ಲು ಉಳಿಸಲೆಂದು ಘಟಕದ ಗಾಳಿಯಂತ್ರವನ್ನು ನಿಲ್ಲಿಸಲು ಒಪ್ಪಬಾರದು. ಹಾಗೆ ಉಳಿಸಿದ ಹಣ ಕೆಳಗಿನ ಊರಿನವರ ಹಕ್ಕಿನಿಂದ ಬಂದದ್ದು. ಸಹೋದರಿಯರು ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯದಿರಲಿ, ಸೋಪಿನ ಪುಡಿಯನ್ನು ಅಳತೆಯಲ್ಲಿ ಬಳಸಲಿ.

ಮಸೀದಿಯ ವುಝೂ ನೀರಿನಲ್ಲಿ ಸಾಮಾನ್ಯವಾಗಿ ಸಾಬೂನು ಇರುವುದಿಲ್ಲ. ಅದನ್ನು ಚರಂಡಿಗೆ ಬಿಡುವ ಬದಲು ಬೇರೆ ಕೊಳವೆಯಲ್ಲಿ ಅಂಗಳದ ತೆಂಗಿನ ಬುಡಕ್ಕೆ ಹರಿಸಬಹುದು. ಶೌಚಾಲಯದ ಕೊಳವೆ ಅದಕ್ಕೆ ಸೇರದಂತೆ ಮೇಸ್ತ್ರಿಗೆ ಮೊದಲೇ ಹೇಳಿಡಬೇಕು.