ಕಾರಿನ ಒಳಾಂಗಣಕ್ಕೆ ಕಾರ್ಬನ್ ಫೈಬರ್ ಮೆರುಗು: ಕೆಲಸದ ಕ್ರಮ ಮತ್ತು ವೆಚ್ಚದ ಲೆಕ್ಕ

ಬೆಂಗಳೂರಿನ ಜೆ.ಸಿ. ರಸ್ತೆಯು ಮೋಟಾರು ವಾಹನಗಳ ಬಿಡಿಭಾಗ ಹಾಗೂ ಅಲಂಕಾರ ಸಾಮಗ್ರಿಗಳ ವ್ಯಾಪಾರಕ್ಕೆ ಬಹುಕಾಲದಿಂದ ಹೆಸರಾಗಿದೆ. ಒಂದು ಕಾಲದಲ್ಲಿ ಇಂತಹ ಅಂಗಡಿಗಳಿಗೆ ಸ್ಟೀರಿಯೋ, ಸೆಂಟ್ರಲ್ ಲಾಕ್, ಸೀಟು ಕವರುಗಳೇ ಆಧಾರವಾಗಿದ್ದವು. ಇವುಗಳಲ್ಲಿ ಹಲವು ಈಗ ಕಾರ್ಖಾನೆಯಿಂದಲೇ ಕಾರಿನೊಡನೆ ಬರುತ್ತಿವೆ. ಆದುದರಿಂದ ಅಂಗಡಿಕಾರರು ಕೈಕೆಲಸಕ್ಕೆ ಬೆಲೆಯಿರುವ ಸೇವೆಗಳತ್ತ ತಿರುಗುವುದು ಸಹಜ. ಮಾಸಿದ, ಗೀರು ಬಿದ್ದ ಒಳಾಂಗಣದ ಪ್ಲಾಸ್ಟಿಕ್ ಭಾಗಗಳಿಗೆ ಕಾರ್ಬನ್ ಫೈಬರ್ ಮಾದರಿಯ ಹೊಸ ಮೆರುಗು ನೀಡುವುದು ಅಂತಹ ಒಂದು ಸೇವೆ. ಕೆಲಸ ಕೈತುಂಬ ಇದ್ದೂ ವರ್ಷಾಂತ್ಯದಲ್ಲಿ ಕೈಯಲ್ಲಿ ಹಣ ಉಳಿಯದಿರುವುದು ಇಂತಹ ಸೇವೆಗಳಲ್ಲಿ ಎದುರಾಗುವ ತೊಡಕು. ಅದರ ಕಾರಣವನ್ನು ಅರಿಯಲು ಕೆಲಸದ ಕ್ರಮ ಮತ್ತು ಲೆಕ್ಕ ಎರಡನ್ನೂ ಒಟ್ಟಿಗೆ ನೋಡಬೇಕು.

ಈ ಮೆರುಗಿನ ಹಿನ್ನೆಲೆ

1981ರಲ್ಲಿ ಮೆಕ್‌ಲಾರೆನ್ ತಂಡವು ಕಾರ್ಬನ್ ಫೈಬರಿನ ಮುಖ್ಯ ಚೌಕಟ್ಟುಳ್ಳ ಎಂ.ಪಿ.4/1 ಕಾರನ್ನು ಫಾರ್ಮುಲಾ ಒನ್ ಪಂದ್ಯಗಳಿಗೆ ಇಳಿಸಿತು. ಹಗುರ ಹಾಗೂ ಗಟ್ಟಿತನಕ್ಕಾಗಿ ಬಳಸಿದ ಈ ವಸ್ತುವಿನ ಓರೆ ಹೆಣಿಗೆಯ ಕಪ್ಪು ವಿನ್ಯಾಸವು ಕ್ರಮೇಣ ವೇಗದ ಕಾರುಗಳ ಗುರುತಾಯಿತು. ಸಾಮಾನ್ಯ ಕಾರಿನ ಗ್ರಾಹಕನು ಬಯಸುವುದು ಆ ನೋಟವನ್ನು ಮಾತ್ರ. ಆದುದರಿಂದ ಯಾವ ವಿಧಾನದಲ್ಲಿ ಕೆಲಸ ಮಾಡಲಾಗುವುದು, ನಿಜವಾದ ಕಾರ್ಬನ್ ಬಟ್ಟೆ ಇರುವುದೋ ಇಲ್ಲವೋ ಎಂಬುದನ್ನು ಬಿಲ್ಲಿನಲ್ಲಿ ಸ್ಪಷ್ಟವಾಗಿ ನಮೂದಿಸುವುದು ವ್ಯಾಪಾರ ಧರ್ಮ.

ಮೂರು ವಿಧಾನಗಳು

ಮೊದಲನೆಯದು ವಿನೈಲ್ ಫಿಲ್ಮ್ ಅಂಟಿಸುವುದು. ಸ್ಪ್ರೇ ಬೂತಿನ ಅಗತ್ಯವಿಲ್ಲ. ಹೀಟ್ ಗನ್, ಬ್ಲೇಡು ಮತ್ತು ಪಳಗಿದ ಕೈ ಸಾಕು. ಕ್ಯಾಲೆಂಡರ್ಡ್ ಫಿಲ್ಮ್ ಅಗ್ಗವಾದರೂ ಬಿಸಿಲಿಗೆ ಕುಗ್ಗಿ ಅಂಚು ಬಿಡುವುದು ಹೆಚ್ಚು. ಕಾಸ್ಟ್ ಫಿಲ್ಮ್ ದುಬಾರಿಯಾದರೂ ತಿರುವುಗಳಲ್ಲಿ ಚೆನ್ನಾಗಿ ಕೂರುತ್ತದೆ.

ಎರಡನೆಯದು ನೀರಿನಲ್ಲಿ ಅದ್ದಿ ವಿನ್ಯಾಸ ಮೂಡಿಸುವ ವಿಧಾನ. ನೀರಿನಲ್ಲಿ ಕರಗುವ ಪಾಲಿವಿನೈಲ್ ಆಲ್ಕೊಹಾಲ್ ಫಿಲ್ಮಿನ ಮೇಲೆ ವಿನ್ಯಾಸವು ಮುದ್ರಿತವಾಗಿರುತ್ತದೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ ನೀರಿನ ಮೇಲೆ ಅದನ್ನು ತೇಲಿಬಿಟ್ಟು, ಒಂದು ನಿಮಿಷದಷ್ಟು ನೆನೆಯಲು ಬಿಟ್ಟು, ಆಕ್ಟಿವೇಟರ್ ಸಿಂಪಡಿಸಿದಾಗ ಶಾಯಿ ಸಡಿಲಗೊಳ್ಳುತ್ತದೆ. ಆಗ ಭಾಗವನ್ನು ಓರೆಯಾಗಿ, ನಿಧಾನವಾಗಿ ಅದ್ದಿದರೆ ವಿನ್ಯಾಸವು ಮೂಲೆಮೂಲೆಗೂ ಸುತ್ತಿಕೊಳ್ಳುತ್ತದೆ.

ಮೂರನೆಯದು ನಿಜವಾದ ಕಾರ್ಬನ್ ಬಟ್ಟೆಯನ್ನು ಎಪಾಕ್ಸಿ ರಾಳದಿಂದ ಭಾಗದ ಮೇಲೆ ಹೊದಿಸುವುದು. ಇಲ್ಲಿ ಉಜ್ಜುವ ಶ್ರಮ ಬಹಳ. ಎಪಾಕ್ಸಿ ಬಿಸಿಲಿಗೆ ಹಳದಿಯಾಗುವುದರಿಂದ ಮೇಲೆ ನೇರಳಾತೀತ ಕಿರಣಗಳನ್ನು ತಡೆಯುವ ಕ್ಲಿಯರ್ ಕೋಟ್ ಬೇಕು. ಮೂಲ ಪ್ಲಾಸ್ಟಿಕ್ ಹಾಗೆಯೇ ಉಳಿಯುವುದರಿಂದ ತೂಕ ಕಡಿಮೆಯಾಗುವುದಿಲ್ಲ, ಸ್ವಲ್ಪ ಹೆಚ್ಚುತ್ತದೆ.

ಪೂರ್ವಸಿದ್ಧತೆಯೇ ಮುಖ್ಯ

ಯಾವ ವಿಧಾನವಾದರೂ ಮರುಕೆಲಸಕ್ಕೆ ಮುಖ್ಯ ಕಾರಣ ಪೂರ್ವಸಿದ್ಧತೆಯ ಕೊರತೆ. ಭಾಗವನ್ನು ಸ್ಕ್ರೂಡ್ರೈವರಿನಿಂದ ಮೀಟದೆ ಪ್ಲಾಸ್ಟಿಕ್ ಸಲಕರಣೆಯಿಂದ ಬಿಡಿಸಬೇಕು. ಮುರಿದ ಒಂದು ಕ್ಲಿಪ್ ಕಾರಿನುದ್ದಕ್ಕೂ ಕಟಕಟ ಸದ್ದು ಮಾಡುತ್ತದೆ. ಡ್ಯಾಶ್‌ಬೋರ್ಡಿಗೆ ಹಚ್ಚುವ ಪಾಲಿಷ್‌ಗಳಲ್ಲಿ ಸಾಮಾನ್ಯವಾಗಿರುವ ಸಿಲಿಕೋನ್ ಉಳಿದರೆ ಬಣ್ಣದಲ್ಲಿ ಮೀನಿನ ಕಣ್ಣಿನಂತಹ ಗುಳಿಗಳು ಏಳುತ್ತವೆ. ಆದುದರಿಂದ ಮೊದಲು ಸೋಪುನೀರು, ಬಳಿಕ ಜಿಡ್ಡು ತೆಗೆಯುವ ದ್ರಾವಣ, ಆನಂತರವೇ ವಾಟರ್ ಪೇಪರ್ ಎಂಬ ಕ್ರಮವನ್ನು ತಪ್ಪಿಸಬಾರದು. ಮೊದಲೇ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಸೇರುತ್ತದೆ.

ಭಾಗದ ಹಿಂಬದಿಯಲ್ಲಿ ಪ್ಲಾಸ್ಟಿಕ್ಕಿನ ಜಾತಿ ಅಚ್ಚಾಗಿರುತ್ತದೆ. ಎ.ಬಿ.ಎಸ್. ಎಂದಿದ್ದರೆ ಪ್ರೈಮರ್ ಸುಲಭವಾಗಿ ಹಿಡಿಯುತ್ತದೆ. ಪಿ.ಪಿ. ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆ ಅಡ್ಹೀಶನ್ ಪ್ರೊಮೋಟರ್ ಹಚ್ಚದಿದ್ದರೆ ಬಣ್ಣವು ಸಿಪ್ಪೆಯಂತೆ ಏಳುತ್ತದೆ. ಪ್ರೈಮರಿನ ಮೇಲೆ ಬೆಳ್ಳಿ ಅಥವಾ ಬೂದು ಬಣ್ಣದ ಬೇಸ್ ಕೋಟ್, ಅದು ಒಣಗಿದ ಮೇಲೆ ಅದ್ದುವಿಕೆ, ತೊಳೆತ, ಪೂರ್ಣ ಒಣಗಿಕೆ, ಕೊನೆಗೆ ಎರಡು ಘಟಕಗಳ ಪಾಲಿಯುರೆಥೇನ್ ಕ್ಲಿಯರ್ ಕೋಟ್. ಈ ಕ್ಲಿಯರ್ ಕೋಟಿನ ಹಾರ್ಡನರಿನಲ್ಲಿ ಐಸೊಸೈನೇಟ್ ಇರುತ್ತದೆ; ಉಸಿರಿನೊಡನೆ ಒಳಹೋದರೆ ಅಸ್ತಮಾ ತರಬಲ್ಲದು. ಬಟ್ಟೆಯ ಮುಸುಕು ಇದಕ್ಕೆ ಸಾಲದು. ಶುದ್ಧ ಗಾಳಿ ಪೂರೈಸುವ ಮುಖವಾಡ ಹಾಗೂ ಗಾಳಿ ಹೊರಹಾಕುವ ಬೂತ್ ಅನಿವಾರ್ಯ.

ಮುಟ್ಟಬಾರದ ಸ್ಥಳಗಳು

ಭಾರತದಲ್ಲಿ ಚಾಲಕನ ಏರ್‌ಬ್ಯಾಗ್ 2019ರ ಜುಲೈಯಿಂದಲೂ, ಮುಂದಿನ ಪ್ರಯಾಣಿಕರ ಏರ್‌ಬ್ಯಾಗ್ ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದಲೂ ಕಡ್ಡಾಯವಾದವು. ಇವುಗಳ ಮುಚ್ಚಳಗಳು ನಿರ್ದಿಷ್ಟ ಗೆರೆಯಲ್ಲಿ ಹರಿದು ತೆರೆಯುವಂತೆ ರಚಿತವಾಗಿರುತ್ತವೆ. ಅವುಗಳ ಮೇಲೆ ಫಿಲ್ಮ್, ರಾಳ ಅಥವಾ ದಪ್ಪ ಬಣ್ಣ ಬಿದ್ದರೆ ತೆರೆಯುವಿಕೆಗೆ ಅಡ್ಡಿಯಾಗಬಹುದು. ಗಟ್ಟಿ ಚೂರುಗಳು ಪ್ರಯಾಣಿಕರತ್ತ ಸಿಡಿಯಬಹುದು. ಗ್ರಾಹಕನು ಎಷ್ಟು ಒತ್ತಾಯಿಸಿದರೂ ಈ ಭಾಗಗಳನ್ನು ಒಪ್ಪಿಕೊಳ್ಳಬಾರದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಉತ್ಪನ್ನಕ್ಕೆ ಸಂಬಂಧಿಸಿದ ಸೇವೆ ನೀಡುವವನ ಹೊಣೆಗಾರಿಕೆಯೂ ಸೇರಿದೆ ಎಂಬುದನ್ನು ನೆನಪಿಡಬೇಕು. ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಹೊಳಪಿನ ಮೆರುಗು ನೀಡುವುದೂ ತರವಲ್ಲ. ಮುಂದಿನ ಗಾಜಿನಲ್ಲಿ ಅದರ ಪ್ರತಿಬಿಂಬ ಬಿದ್ದು ಚಾಲಕನ ದೃಷ್ಟಿಗೆ ತೊಂದರೆಯಾಗುತ್ತದೆ.

ವೆಚ್ಚದ ಲೆಕ್ಕ: ಒಂದು ಉದಾಹರಣೆ

ನಾಲ್ಕು ಬಾಗಿಲುಗಳ ಸ್ವಿಚ್ ಪಟ್ಟಿಗಳು, ನಡುವಿನ ಕನ್ಸೋಲ್ ಮತ್ತು ಗೇರಿನ ಸುತ್ತುಪಟ್ಟಿ ಸೇರಿ ಆರು ಭಾಗಗಳ ಒಂದು ಸೆಟ್ಟನ್ನು ಅದ್ದುವ ವಿಧಾನದಲ್ಲಿ ಮಾಡಲಾಗುತ್ತದೆ ಎಂದಿಟ್ಟುಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿದವು. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು. ಸಾಮಗ್ರಿಯ ಬೆಲೆಯಲ್ಲಿ ತೆರಿಗೆ ಸೇರಿಲ್ಲ.

ಸಾಮಗ್ರಿ: ರೂ. 1,600
ಕೂಲಿ, 8 ಗಂಟೆ, ಗಂಟೆಗೆ ರೂ. 150ರಂತೆ: ರೂ. 1,200
ನೇರ ವೆಚ್ಚ: ರೂ. 2,800
ತಿಂಗಳ ಸ್ಥಿರ ವೆಚ್ಚ (ಬಾಡಿಗೆ, ವಿದ್ಯುತ್, ಸವಕಳಿ): ರೂ. 40,000

ತಿಂಗಳಿಗೆ 40 ಸೆಟ್ ಆದರೆ ಪ್ರತಿ ಸೆಟ್ಟಿನ ಪಾಲಿಗೆ ಸ್ಥಿರ ವೆಚ್ಚ ರೂ. 1,000, ಒಟ್ಟು ರೂ. 3,800. ರೂ. 4,500ಕ್ಕೆ ಕೆಲಸ ಒಪ್ಪಿದವನಿಗೆ ರೂ. 700 ಲಾಭವೆಂದು ತೋರುತ್ತದೆ. ಈ ಲೆಕ್ಕದಲ್ಲಿ ಮೂರು ಲೋಪಗಳಿವೆ.

ಮೊದಲನೆಯದು ಮರುಕೆಲಸ. ಹತ್ತರಲ್ಲಿ ಒಂದು ಸೆಟ್ ಕೆಟ್ಟರೆ ಮತ್ತೆ ರೂ. 1,600ರ ಸಾಮಗ್ರಿ ಹಾಗೂ 5 ಗಂಟೆಗಳ ಕೂಲಿ ರೂ. 750 ಬೇಕು. ಈ ರೂ. 2,350ನ್ನು ಹತ್ತು ಸೆಟ್ಟುಗಳಿಗೆ ಹಂಚಿದರೆ ತಲಾ ರೂ. 235. ವೆಚ್ಚ ರೂ. 4,035ಕ್ಕೆ ಏರುತ್ತದೆ.

ಎರಡನೆಯದು ಕೆಲಸದ ಪ್ರಮಾಣ. ತಿಂಗಳಿಗೆ 25 ಸೆಟ್ ಮಾತ್ರ ಬಂದರೆ ಸ್ಥಿರ ವೆಚ್ಚದ ಪಾಲು ರೂ. 1,600, ಒಟ್ಟು ವೆಚ್ಚ ರೂ. 4,635. ಆಗ ಪ್ರತಿ ಸೆಟ್ಟಿಗೆ ರೂ. 135 ನಷ್ಟ. ಈ ದರದಲ್ಲಿ ಪ್ರತಿ ಸೆಟ್ಟಿನಿಂದ ಸ್ಥಿರ ವೆಚ್ಚಕ್ಕೆ ಉಳಿಯುವುದು ರೂ. 1,465. ಆದುದರಿಂದ ಲಾಭ-ನಷ್ಟ ಸಮವಾಗಲು ಕನಿಷ್ಠ 28 ಸೆಟ್ ಬೇಕು.

ಮೂರನೆಯದು ತೆರಿಗೆ. 40 ಸೆಟ್ಟಿನ ವಾರ್ಷಿಕ ವಹಿವಾಟು ರೂ. 21,60,000. ಕರ್ನಾಟಕದಲ್ಲಿ ಸೇವೆ ನೀಡುವವರು ರೂ. 20 ಲಕ್ಷ ಮೀರಿದೊಡನೆ ಜಿ.ಎಸ್.ಟಿ. ನೋಂದಣಿ ಪಡೆಯಬೇಕು. ರೂ. 40 ಲಕ್ಷದ ಮಿತಿಯು ಸರಕು ಮಾತ್ರ ಮಾರುವವರಿಗೆ ಸಂಬಂಧಿಸಿದ್ದು. ಬಾಯಿಮಾತಿನಲ್ಲಿ ಹೇಳಿದ ರೂ. 4,500ರಲ್ಲೇ ಶೇ. 18 ತೆರಿಗೆ ಅಡಗಿದ್ದರೆ ಅಂಗಡಿಗೆ ಉಳಿಯುವುದು ರೂ. 3,814. ಅಂದರೆ 40 ಸೆಟ್ ಮಾಡಿದರೂ ತಲಾ ರೂ. 221 ನಷ್ಟ. ಕಾರ್ಯಾಗಾರ ತುಂಬಿದಂತೆ ಕೈ ಬರಿದಾಗುವ ರಹಸ್ಯ ಇದೇ. ರೂ. 700 ಲಾಭ ನಿಜವಾಗಿ ಬೇಕಿದ್ದರೆ ರೂ. 4,735ಕ್ಕೆ ತೆರಿಗೆ ಸೇರಿಸಿ ಸುಮಾರು ರೂ. 5,600 ಹೇಳಬೇಕು.

ದಾಖಲೆಗಳು

ಇನ್ನೊಬ್ಬರ ಸರಕಿನ ಮೇಲೆ ಮಾಡುವ ಸಂಸ್ಕರಣೆಯನ್ನು ಕೇಂದ್ರ ಜಿ.ಎಸ್.ಟಿ. ಕಾಯ್ದೆ, 2017ರ ಎರಡನೆಯ ಅನುಸೂಚಿಯು ಸೇವೆಯೆಂದು ಪರಿಗಣಿಸುತ್ತದೆ. ನೋಂದಾಯಿತ ಕಾರು ವ್ಯಾಪಾರಿಯು ತನ್ನ ಭಾಗಗಳನ್ನು ಕಳುಹಿಸಿದಾಗ ಮಾತ್ರ ಅದು ಕಾಯ್ದೆಯ ಅರ್ಥದಲ್ಲಿ ಜಾಬ್ ವರ್ಕ್ ಆಗುತ್ತದೆ. ಅಂತಹ ಸರಕು ಡೆಲಿವರಿ ಚಲನ್ ಮೇಲೆ ಬಂದು, ಒಂದು ವರ್ಷದೊಳಗೆ ಹಿಂದಿರುಗಬೇಕು. ಸ್ವಂತ ಕಾರಿನ ಭಾಗ ತರುವ ಸಾಮಾನ್ಯ ಗ್ರಾಹಕನಿಗೆ ಈ ಕ್ರಮ ಅನ್ವಯಿಸುವುದಿಲ್ಲ.

ಪ್ರತಿ ಕೆಲಸಕ್ಕೂ ಒಂದು ಜಾಬ್ ಕಾರ್ಡ್ ಇರಲಿ. ಭಾಗಗಳ ಸಂಖ್ಯೆ, ಮೊದಲೇ ಇದ್ದ ಬಿರುಕು, ಬಳಸಿದ ವಿಧಾನ, ಹಿಡಿದ ಗಂಟೆಗಳು, ಮರುಕೆಲಸವಾದರೆ ಅದರ ಕಾರಣ ಇಷ್ಟನ್ನು ಬರೆದು ಗ್ರಾಹಕನ ಸಹಿ ಪಡೆಯಬೇಕು. ಮೂರು ತಿಂಗಳ ಕಾರ್ಡುಗಳನ್ನು ಒಟ್ಟುಗೂಡಿಸಿ ನೋಡಿದರೆ ಹಣ ಸೋರುತ್ತಿರುವ ಸ್ಥಳ ತಾನಾಗಿ ಕಾಣುತ್ತದೆ. ಪಕ್ಕದಂಗಡಿಯ ದರವನ್ನು ನೋಡಿ ತನ್ನ ದರವನ್ನು ಇಳಿಸುವ ಮುನ್ನ ಈ ಕಾರ್ಡುಗಳನ್ನು ನೋಡುವುದು ಪ್ರತಿಯೊಬ್ಬ ವ್ಯಾಪಾರಿಗೂ ಶ್ರೇಯಸ್ಕರ.